ಮೊದಲ ಕೋಲು ಕೈಗಿಡುವ ರೀಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲ ದಂಡೆಗೆ ಇಳಿಯುವ ಬೀದಿಯ ಕೊನೆಯಲ್ಲಿ ಅಂಗಡಿಯೊಂದರ ಶಟರು ಕಿರುಗುಟ್ಟುತ್ತಾ ಮೇಲೇರುತ್ತದೆ. ಒಳಗೆ ಆಗಲೇ ಯಾರೋ ಮಾತಾಡುತ್ತಿದ್ದಾರೆ. ರೇಡಿಯೋ ಅದು. ಹಿಂದಿನ ಸಂಜೆ ಬಾಗಿಲು ಹಾಕುವಾಗ ಅದನ್ನು ಆರಿಸುವ ಪದ್ಧತಿಯೇ ಇಲ್ಲಿಲ್ಲ. "ಬೆಳಿಗ್ಗೆ ಬಾಗಿಲು ತೆಗ್ದಾಗ ಮನುಷ್ಯರ ದನಿಯೊಂದು ಕೇಳ್ಬೇಕು, ಅಷ್ಟೇ," ಎನ್ನುತ್ತಾರೆ ಅಂಗಡಿಯ ಒಡತಿ. ವಯಸ್ಸು ಐವತ್ತೆಂಟು. ಸುತ್ತಮುತ್ತಲಿನವರ ಬಾಯಲ್ಲಿ ಅವರು ರೀಲಕ್ಕ.

ಗೋಡೆಯುದ್ದಕ್ಕೂ ನಿಂತ ಗಾಳದ ಕೋಲುಗಳನ್ನು ಒಂದೊಂದಾಗಿ ಇಳಿಸಿ, ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಾರೆ. ಹಿಡಿಯ ಬಳಿ ದಾರ ಸುತ್ತಿಕೊಂಡಿರುವ ರೀಲು ಕರ್ರೆಂದು ದಾರ ಬಿಟ್ಟ ಗಳಿಗೆಯಲ್ಲಿ ತಕ್ಕಡಿಯ ಮುಳ್ಳು ಎಲ್ಲಿದೆ ಎಂದು ನೋಡಿ, ರೀಲಿನ ನೆತ್ತಿಯ ಮೇಲಿನ, ದಾರದ ಬಿಗಿ ಹೊಂದಿಸುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. "ಎರಡು ಕಿಲೋ ಎಳೆತಕ್ಕೆ ಬಿಟ್ಟುಕೊಡ್ಬೇಕು ನೀನು. ಹಟ ಮಾಡಿ ಹಿಡ್ಕೋಬಾರ್ದು," ಎಂದು ರೀಲಿಗೆ ಬುದ್ಧಿ ಹೇಳುತ್ತಾರೆ. ಬಾಡಿಗೆಗೆ ಹೋಗುವ ಕೋಲುಗಳು ಇಪ್ಪತ್ತಮೂರು. ರೀಲಕ್ಕ ಹೊಂದಿಸುವುದು ಇಪ್ಪತ್ತನಾಲ್ಕು. ಆ ಕೊನೆಯದು ಯಾರ ಕೈಗೂ ಹೋಗುವುದಿಲ್ಲ. ಅದರ ಮಾತು ಆಮೇಲೆ.

ಇಲ್ಲಿಗೆ ಬರುವವರು ಕಯಾಕಿನಲ್ಲಿ ಕಡಲಿಗೆ ಹೋಗಿ ಮೀನು ಹಿಡಿಯುವ ಆಸೆ ಹೊತ್ತವರು. ಕಯಾಕ್ ಎಂದರೆ ಕಾಲು ಚಾಚಿ ಒಬ್ಬರು ಕೂರುವಷ್ಟೇ ಅಗಲದ ಪುಟಾಣಿ ದೋಣಿ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದವರಿಗೆ ಅದು ಮಕ್ಕಳಾಟದಂತೆ ಕಾಣುತ್ತದೆ. ಪಕ್ಕದ ಶೆಡ್ಡಿನಲ್ಲಿ ದೋಣಿ ಗೊತ್ತುಮಾಡಿ, ಎದೆಯುಬ್ಬಿಸಿಕೊಂಡು ಇಲ್ಲಿಗೆ ಬರುತ್ತಾರೆ. ಬಂದವರ ಕೈ ನೇರ ಹೋಗುವುದು ಎಲ್ಲಕ್ಕಿಂತ ಉದ್ದದ ಕೋಲಿಗೆ, ಎಲ್ಲಕ್ಕಿಂತ ಥಳಥಳಿಸುವ ರೀಲಿಗೆ.

ಇಂದಿನ ಮೊದಲ ಗಿರಾಕಿಯೂ ಹಾಗೆಯೇ, ಹತ್ತಡಿ ಕೋಲಿಗೆ ಕಣ್ಣು ಹಾಕಿದ ಗುಮಾಸ್ತ. ರೀಲಕ್ಕ ಬೇಡ ಎನ್ನುವುದಿಲ್ಲ. ಅಂಗಡಿಯ ನಡುವೆ ತಳ ಬಿರಿದ ಹಳೆಯ ಕಯಾಕೊಂದು ನೆಲಕ್ಕೆ ಕೂತಿದೆ. "ಕೂತ್ಕೊಳ್ಳಿ ಅದ್ರಲ್ಲಿ. ಲೈಫ್ ಜಾಕೆಟ್ ಹಾಕ್ಕೊಂಡೇ ಕೂತ್ಕೊಳ್ಳಿ. ಈಗ ನಾನು ಮೀನು," ಎಂದು ದಾರದ ತುದಿ ಹಿಡಿದು ದೋಣಿಯನ್ನು ಸುತ್ತತೊಡಗುತ್ತಾರೆ. ಕೋಲಿನ ಹಿಡಿ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಹತ್ತಿರ ಬಂದರೂ ಕೋಲಿನ ತುದಿ ಆಚೆಯೆಲ್ಲೋ ಇದೆ. ಗುಮಾಸ್ತರ ಕೈಗೆ ದಾರವೇ ಎಟುಕುವುದಿಲ್ಲ. ಐದಡಿಯದು ಕೊಟ್ಟರೆ ಅದರ ಪಾಡು ಬೇರೆ. ಮೀನು ಆಚೆ ಬದಿಗೆ ಹೋದರೆ ದೋಣಿಯ ಮೂತಿ ಸುತ್ತಿ ದಾರವನ್ನು ದಾಟಿಸಲಾಗುವುದಿಲ್ಲ, ದಾರ ದೋಣಿಯ ತಳಕ್ಕೆ ಉಜ್ಜುತ್ತದೆ. ಕೊನೆಗೆ ಏಳಡಿಯ, ಗಿಡ್ಡ ಹಿಡಿಯ ಕೋಲು ಅವರ ಕೈ ಸೇರುತ್ತದೆ. ಜೊತೆಗೆ ನಡುಗಾತ್ರದ, ಉಪ್ಪುನೀರಿಗೆ ಜಗ್ಗದ ಸಾದಾ ರೀಲು. "ಇಪ್ಪತ್ತಾರು ವರ್ಷದಿಂದ ಮೀನಾಗಿ ಸುತ್ತುತ್ತಾ ಇದ್ದೀನಿ. ನನ್ನನ್ನ ಹಿಡಿದೋರು ಒಬ್ರೂ ಇಲ್ಲ," ಎಂದು ನಗುತ್ತಾರೆ. ಗುಮಾಸ್ತರೂ ನಗುತ್ತಾರೆ, ಹೊರಡುತ್ತಾರೆ. ಅಂಗಡಿಯಲ್ಲಿ ಮತ್ತೆ ರೇಡಿಯೋ ಒಂದೇ.

ಈ ಕೆಲಸದ ಕಷ್ಟ ಇರುವುದು ಅಲ್ಲೇ. ದಿನಕ್ಕೆ ಏಳೆಂಟು ಮಂದಿ ಬರುತ್ತಾರೆ, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಾಲ್ಕಾರು ಸಲ ಕಡಲಿಗಿಳಿದು ಕೈ ಪಳಗಿದ ಮೇಲೆ ಅವರು ಪೇಟೆಯ ದೊಡ್ಡ ಅಂಗಡಿಗಳ ಪಾಲು. "ಚೆನ್ನಾಗಿ ಕಲಿತೋರು ವಾಪಸ್ ಬರಲ್ಲ. ಬಂದ್ರೆ ನಾನು ಸರಿಯಾಗಿ ಹೇಳ್ಕೊಟ್ಟಿಲ್ಲ ಅಂತ ಅರ್ಥ," ಎನ್ನುತ್ತಾರೆ. ಮಧ್ಯಾಹ್ನ ಮರಳಿದ ಕೋಲುಗಳನ್ನು ಒಬ್ಬರೇ ತೊಳೆಯುತ್ತಾರೆ. ಜೋರು ನೀರು ಬಿಟ್ಟರೆ ಉಪ್ಪು ರೀಲಿನೊಳಗೇ ನುಗ್ಗುತ್ತದಂತೆ. ಹಸುಗೂಸಿನ ತಲೆಗೆ ಎರೆದ ಹಾಗೆ ಚೊಂಬಿನಿಂದ ಹನಿಹನಿಯಾಗಿ ಎರೆದು, ಬಟ್ಟೆಯಲ್ಲಿ ಒರೆಸಿ, ರೀಲಿನೊಳಗಿನ ಮೆತ್ತನೆಯ ಬಿಲ್ಲೆಗಳು ಒತ್ತಡಕ್ಕೆ ಚಪ್ಪಟೆಯಾಗದಿರಲೆಂದು ಎಲ್ಲ ತಿರುಪುಗಳನ್ನೂ ಸಡಿಲಿಸಿಡುತ್ತಾರೆ. ಬೆಳಿಗ್ಗೆ ಮತ್ತೆ ಮೊದಲಿನಿಂದ ಹೊಂದಿಸಬೇಕು.

ಹದಿನಾರನೇ ವಯಸ್ಸಿಗೆ ಬೇರೊಬ್ಬರ ಅಂಗಡಿಯಲ್ಲಿ ರೀಲು ಬಿಚ್ಚಿ ಜೋಡಿಸಲು ಕೂತವರು ಇವರು. ಇಪ್ಪತ್ತಕ್ಕೆ ಅಪ್ಪ ಅಮ್ಮ ಇಬ್ಬರೂ ಹೋದರು. ತಮ್ಮನಿಗೆ ಆಗ ಒಂಬತ್ತು. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ಇನ್ನೂ ಚಿಕ್ಕವನು ಎಂದು ಮುಂದೂಡಿದರು. ತಮ್ಮ ದೊಡ್ಡವನಾಗುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತೇಹೋದರು. ಮುಂದೆ ಇಬ್ಬರೂ ಸೇರಿ ಈ ಅಂಗಡಿ ತೆರೆದರು. ಅಕ್ಕ ಕೋಲು ಆರಿಸಿ ಕೊಡುವುದು, ತಮ್ಮ ಹೊಸಬರನ್ನು ಕಡಲಿಗೆ ಕರೆದೊಯ್ಯುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಆರು ವರ್ಷದ ಹಿಂದಿನ ಒಂದು ಬೆಳಿಗ್ಗೆ ರೀಲಕ್ಕ ತಮ್ಮನ ರೀಲಿಗೆ ಹೊಸ ದಾರ ಸುತ್ತುತ್ತಿದ್ದರು. ದಾರ ಬಿಗಿಯಾಗಿ ಕೂರಬೇಕಾದರೆ ತಿರುಪನ್ನು ಪೂರ್ತಿ ಬಿಗಿ ಮಾಡಬೇಕು, ಸುತ್ತಿದ ಮೇಲೆ ಸಡಿಲಿಸಿ ತಕ್ಕಡಿಗೆ ಹಿಡಿಯಬೇಕು. ಅಷ್ಟರಲ್ಲಿ ಗಿರಾಕಿಗಳು ಬಂದರು, ತಮ್ಮ ಅವಸರ ಮಾಡಿದ, ಕೋಲು ಹಾಗೇ ಅವನ ಕೈಗೆ ಹೋಯಿತು. ಎಲ್ಲರ ರೀಲು ಎಳೆದು ನೋಡುವ ತಮ್ಮ ತನ್ನದನ್ನು ನೋಡಿಕೊಳ್ಳಲಿಲ್ಲ. "ಅಕ್ಕ ಕೊಟ್ಟಿದ್ದು ಅಂತ ನೋಡ್ಲಿಲ್ಲ ಅವನು," ಎನ್ನುತ್ತಾರೆ. ದೊಡ್ಡ ಮೀನೊಂದು ಪಕ್ಕಕ್ಕೆ ಎಳೆಯಿತು. ರೀಲು ದಾರ ಬಿಟ್ಟುಕೊಡಲಿಲ್ಲ. ಕಯಾಕ್ ಮಗುಚಿಕೊಂಡು ಬಂಡೆಗೆ ಬಡಿಯಿತು. ಆ ದಾರಿಯಾಗಿ ಬಂದ ದೋಣಿಯೊಂದು ಎತ್ತಿಕೊಳ್ಳುವವರೆಗೆ ಅವನು ಒಂದು ಗಂಟೆ ಆ ಕಯಾಕನ್ನೇ ತಬ್ಬಿಕೊಂಡು ನೀರಲ್ಲಿದ್ದ. ಅಂಗಡಿಯ ನಡುವೆ ಕೂತಿರುವ ತಳ ಬಿರಿದ ಕಯಾಕ್ ಅದೇ.

ಮೈಗೆ ಏನೂ ಆಗಲಿಲ್ಲ. ಆದರೆ ತಮ್ಮ ಮತ್ತೆ ನೀರಿಗಿಳಿಯಲಿಲ್ಲ, ಅಕ್ಕನಿಗೆ ಮುಖ ಕೊಟ್ಟು ಮಾತಾಡಲೂ ಇಲ್ಲ. ಎರಡು ಬೀದಿ ಆಚೆ ಮೇಜು ಕುರ್ಚಿ ಮಾಡುವ ಕೆಲಸ ಹಿಡಿದಿದ್ದಾನೆ. ಎದುರು ಸಿಕ್ಕರೆ ರಸ್ತೆ ದಾಟುತ್ತಾನೆ. ಇಪ್ಪತ್ತನಾಲ್ಕನೆಯ ಕೋಲು ಅವನದು, ಅಂದು ಕಯಾಕಿಗೆ ಕಟ್ಟಿದ್ದರಿಂದ ಉಳಿದದ್ದು. ದಿನಾ ಬೆಳಿಗ್ಗೆ ಅದನ್ನು ಹೊಂದಿಸಿ, ಸಂಜೆ ಸಡಿಲಿಸುವುದು ತಪ್ಪಿಲ್ಲ. "ಬೈಲಿ ಬೇಕಾದ್ರೆ, ಬೇಡ ಅನ್ನಲ್ಲ. ಆದ್ರೆ ಆ ದಾರ ಒಂದ್ಸಲ ಕೈಯಾರೆ ಎಳೆದು ನೋಡ್ಲಿ. ಬೇರೇನೂ ಬೇಡ ನಂಗೆ," ಎನ್ನುತ್ತಾರೆ.

ಬಿಸಿಲೇರುವ ಹೊತ್ತಿಗೆ ನಿವೃತ್ತ ಶಿಕ್ಷಕಿಯೊಬ್ಬರು ಹಿಂಜರಿಯುತ್ತಾ ಒಳಗೆ ಬರುತ್ತಾರೆ. ನಾಳೆ ಮೊದಲ ಸಲ ಕಡಲಿಗೆ ಹೋಗುವವರಿದ್ದಾರೆ. ಯಾರು ಕಳಿಸಿದ್ದು ಎಂದು ರೀಲಕ್ಕ ವಾಡಿಕೆಯಂತೆ ಕೇಳುತ್ತಾರೆ.

"ನಮ್ಮ ಕೆಳಮನೆಯವರು. ಮೇಜು ಕುರ್ಚಿ ಮಾಡ್ತಾರಲ್ಲ, ಅವರು. ಮೊದಲ ಕೋಲು ಅಂದ್ರೆ ಅಲ್ಲಿಗೇ ಹೋಗಿ, ಬೇರೆಲ್ಲೂ ಹೋಗ್ಬೇಡಿ ಅಂದ್ರು." ಶಿಕ್ಷಕಿ ಗೋಡೆಯ ಕೋಲುಗಳ ಕಡೆ ನೋಡುತ್ತಾರೆ. "ತಪ್ಪು ತಿಳ್ಕೋಬೇಡಿ. ತಿರುಪು ಮಾತ್ರ ನಿಮ್ಮೆದುರಿಗೇ ಎರಡು ಸಲ ನೋಡಿಸ್ಕೊಳ್ಳಿ ಅಂತಾನೂ ಹೇಳಿದ್ರು."

ಆರು ವರ್ಷದಲ್ಲಿ ತಮ್ಮನ ಕಡೆಯಿಂದ ಬಂದ ಮೊದಲ ಮಾತು ಇದು. ರೀಲಕ್ಕ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಎಂದಿನಂತೆ ಶಿಕ್ಷಕಿಯನ್ನು ಕಯಾಕಿನಲ್ಲಿ ಕೂರಿಸುತ್ತಾರೆ, ಮೀನಾಗಿ ಸುತ್ತುತ್ತಾರೆ, ಏಳಡಿಯ ಕೋಲೊಂದನ್ನು ಆರಿಸುತ್ತಾರೆ. ದಾರವನ್ನು ತಕ್ಕಡಿಗೆ ಸಿಕ್ಕಿಸಿ ಎಳೆಯುತ್ತಾರೆ. ಎರಡು ಕಿಲೋ. ಮತ್ತೆ ಎಳೆಯುತ್ತಾರೆ. ಎರಡು ಕಿಲೋ. ಶಿಕ್ಷಕಿ ಕೈ ಚಾಚಿದರೂ ಕೋಲು ಕೊಡದೆ ಇನ್ನೊಮ್ಮೆ ಎಳೆದು, ಮುಳ್ಳನ್ನು ಅವರ ಕಣ್ಣೆದುರು ಹಿಡಿಯುತ್ತಾರೆ.

"ಕೆಳಮನೆಯವರಿಗೆ ಹೇಳಿ," ಎನ್ನುತ್ತಾರೆ ರೀಲಕ್ಕ, "ಅಕ್ಕ ಮೂರು ಸಲ ನೋಡಿದ್ಲು ಅಂತ. ಅವರು ಕೇಳದಿದ್ರೂ ಹೇಳಿ."