ಟೀಚರ ಗೇರ್ ಕೇಬಲ್ಲು

ನಮ್ಮ ಟ್ಯೂಷನ್ ಟೀಚರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮಳೆಗಾಲವಿಡೀ ಕಪ್ಪು ಕೂತಿರುತ್ತಿತ್ತು. ಎಣ್ಣೆ, ಮಣ್ಣು ಸೇರಿದ ಕಪ್ಪು. ಅದೇ ಬೆರಳಿನಿಂದ ನನ್ನ ಲೆಕ್ಕದ ತಪ್ಪು ತೋರಿಸುತ್ತಿದ್ದರು. ತಪ್ಪಿದ್ದಲ್ಲೆಲ್ಲ ಪುಸ್ತಕದ ಮೇಲೊಂದು ಕಪ್ಪು ಚುಕ್ಕೆ ಬೀಳುತ್ತಿತ್ತು. ನನ್ನ ಪುಸ್ತಕ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ.

ಹತ್ತನೇ ತರಗತಿಯ ಗಣಿತದಲ್ಲಿ ನಾನು ಡುಮ್ಕಿ ಹೊಡೆದ ವರ್ಷ ಅದು. ಮರುಪರೀಕ್ಷೆಯಲ್ಲೂ ಹೋದರೆ ಕುಂದಾಪುರದ ಜವಳಿ ಅಂಗಡಿಗೆ ಕೆಲಸಕ್ಕೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಟೀಚರು ತೆಕ್ಕಟ್ಟೆ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ನಮ್ಮೂರು ಅಮಾಸೆಬೈಲಿನಲ್ಲಿದ್ದ ತಮ್ಮ ಅಣ್ಣನ ಮನೆಗೆ ಬಂದಿದ್ದರು. ಸುದ್ದಿ ಕೇಳಿ ತಾವಾಗಿಯೇ ನಮ್ಮ ಮನೆಗೆ ಬಂದರು. "ನಾಳೆಯಿಂದ ನಾ ಬತ್ತೆ. ಇವ್ಳನ್ನ್ ಎಲ್ಲಿಗೂ ಕಳ್ಸುದ್ ಬ್ಯಾಡ" ಎಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಸೈಕಲ್ ಹತ್ತಿ ಹೊರಟಾಗಿತ್ತು.

ಅದು ಗೇರ್ ಸೈಕಲ್. ಹಗುರದ ಗೇರ್ ಬಿದ್ದರೆ ಮಾತ್ರ ಅವರ ಮಂಡಿ ನಮ್ಮ ಮನೆಯಿದ್ದ ಗುಡ್ಡೆಯ ಏರನ್ನು ತಡೆದುಕೊಳ್ಳುತ್ತಿತ್ತು. ಬೀಳದಿದ್ದರೆ ಇಳಿದು ತಳ್ಳಬೇಕು. ತಳ್ಳಿದ ಮರುದಿನ ಮಂಡಿ ಊದಿ, ನನ್ನ ಪಾಠ ತಪ್ಪುತ್ತಿತ್ತು. ದಾರಿಯಾದರೂ ದಾರಿಯಂತಿತ್ತೇ? ನೀರಿನ ಪೈಪಿಗೆಂದು ಅಗೆದವರು ಪೈಪು ಹೂತು, ಮಣ್ಣನ್ನು ರಸ್ತೆಗೇ ಎಳೆದು ಬಿಟ್ಟು ಹೋಗಿದ್ದರು. ಆ ಕೆಸರು ಹಿಂದಿನ ಚಕ್ರದ ಹತ್ತಿರ ಗೇರ್ ಬದಲಿಸುವ ಕೇಬಲ್ಲಿನ ಕೊಳವೆಯೊಳಗೆ ನುಗ್ಗಿ, ಒಳಗಿನ ತಂತಿಯನ್ನು ಕಚ್ಚಿ ಹಿಡಿಯುತ್ತಿತ್ತು. ಹ್ಯಾಂಡಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಗೇರ್ ಅಲುಗುತ್ತಿರಲಿಲ್ಲ.

ಹಾಗಾಗಿ ಪಾಠವೂ ರಿಪೇರಿಯೂ ನಮ್ಮ ಜಗಲಿಯಲ್ಲಿ ಒಟ್ಟಿಗೇ ನಡೆಯುತ್ತಿದ್ದವು. ನನಗೊಂದು ಲೆಕ್ಕ ಕೊಟ್ಟು, ಅವರು ಕೇಬಲ್ ಸಡಿಲ ಮಾಡಿ, ಕೊಳವೆಯನ್ನು ಸಿಕ್ಕಿಸಿದ ಜಾಗದಿಂದ ಬಿಡಿಸಿ ಆಚೆ ಸರಿಸಿ, ತಂತಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದರು. ಆಮೇಲೆ ಹೊಲಿಗೆ ಮಿಷಿನ್ನಿನ ತೆಳು ಎಣ್ಣೆ, ಒಂದೇ ಹನಿ. ಕೊಳವೆಯ ಬಾಯಿಗೆ ಹಳೇ ಟ್ಯೂಬಿನ ತುಂಡು ತೊಡಿಸಿದರೆ ಕೆಲಸ ಮುಗಿಯಿತು. ಒಮ್ಮೆ ಅಪ್ಪ ಉಪಕಾರಕ್ಕೆಂದು ತೆಂಗಿನೆಣ್ಣೆ ಸುರಿದರು. ನಮ್ಮಲ್ಲಿ ತಲೆಗೂ ಕಿರುಗುಟ್ಟುವ ಬಾಗಿಲಿಗೂ ಅದೇ ಮದ್ದು. ಮರುದಿನ ಟೀಚರು ಸೈಕಲ್ ತಳ್ಳಿಕೊಂಡು ಬಂದರು. "ಇದೆಂತ ತಲಿಯಾ ಮಾರ್ರೆ, ಎಣ್ಣಿ ಹಚ್ಚುಕೆ? ಎಣ್ಣಿ ಹೆಚ್ಚಾರೆ ಮಣ್ಣೆಲ್ಲ ಹಿಡ್ಕಂತ್ತ್" ಎಂದು ಬೈದರು. ಅಪ್ಪ ಆಮೇಲೆ ಸೈಕಲ್ಲಿನ ಹತ್ತಿರ ಸುಳಿಯಲಿಲ್ಲ.

ಒಂದು ಸಂಜೆ ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು ಬಂದರು. ತಂತಿ ಒರೆಸುತ್ತಿದ್ದ ಟೀಚರನ್ನು ಕಂಡು ನಕ್ಕರು.

"ಈ ಪ್ರಾಯದಗೆ ಸೈಕಲ್ ಎಂತಕೆ ಟೀಚರ್ರೆ? ನಮ್ಮ್ ಹುಡ್ಗ್ರ್ ಬೈಕಗೆ ಬಿಡ್ತ್ರ್."

"ನಂಗ್ ಬೈಕ್ ಬ್ಯಾಡ. ಅಗ್ದ್ ಹಾಕಿದ್ ರಸ್ತಿ ಸಮ ಮಾಡುದ್ ಯಾರ್, ಅದನ್ನ್ ಹೇಳಿ."

"ಮಳಿ ಹೋಯ್ಲಿ, ಮಾಡ್ವ."

"ಮಳಿ ಹೋದ್ ಮೇಲೆ ಕೆಸ್ರೇ ಇರುದಿಲ್ಲ. ಆಗ ನಿಮ್ಗ್ ರಸ್ತಿ ಲಾಯ್ಕ್ ಕಾಂತ್ತ್" ಎನ್ನುತ್ತ ಟೀಚರು ಕೈಯಲ್ಲಿದ್ದ ಕೊಳಕು ಬಟ್ಟೆಯನ್ನು ಅವರ ಅಂಗೈಗೆ ಇಟ್ಟರು. "ಕಾಣಿ, ನಿಮ್ ರಸ್ತಿ."

ಬಿಳಿ ಅಂಗಿಯ ಸದಸ್ಯರು ಅದನ್ನು ಎರಡು ಬೆರಳಲ್ಲಿ ಹಿಡಿದು ಜಗಲಿಯ ಅಂಚಿಗೆ ಇಟ್ಟು, ಚಹಾ ಕುಡಿಯದೇ ಹೋದರು.

ನಾನು ಪಾಸಾದೆ. ಕಾಲೇಜು ಓದಿದೆ. ಈಗ ಲೆಕ್ಕ ನೋಡುವುದೇ ನನ್ನ ಉದ್ಯೋಗ. ಟೀಚರು ಮತ್ತೆ ಎಷ್ಟೋ ಮಕ್ಕಳಿಗಾಗಿ ಅದೇ ಕೆಸರಲ್ಲಿ ಗುಡ್ಡೆ ಹತ್ತಿದರು. ಆ ಸದಸ್ಯರನ್ನು ಕಂಡಲ್ಲೆಲ್ಲ ರಸ್ತೆ ಯಾವಾಗ ಎಂದು ಕೇಳಿದರು. ಬಸ್ ಸ್ಟಾಂಡಿನಲ್ಲಿ ಕೇಳಿದರು, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದರು. ಬಾಯಿ ಜೋರಿನ ಹೆಂಗಸು ಎಂಬ ಹೆಸರು ಸಿಕ್ಕಿತೇ ಹೊರತು ರಸ್ತೆಗೆ ಒಂದು ಬುಟ್ಟಿ ಜಲ್ಲಿ ಬೀಳಲಿಲ್ಲ. ಹೋದ ಆಷಾಢದಲ್ಲಿ ಅವರು ಮನೆಯಲ್ಲೇ, ಮಲಗಿದ್ದಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಊರಿಗೆ ಹೋದವಳು ಅದೇ ಕೆಸರಲ್ಲಿ ಚಪ್ಪಲಿ ಕಳೆದುಕೊಂಡೆ. ಅಳುವುದೋ ಬೈಯುವುದೋ ತಿಳಿಯಲಿಲ್ಲ.

ಊರ ಶಾಲೆಯ ಸಭಾಂಗಣದಲ್ಲಿ ನುಡಿನಮನ ಇಟ್ಟರು. ಮೈಕು ಹಿಡಿದವರು ಅದೇ ಸದಸ್ಯರು. "ನಗುನಗುತ್ತಾ ಕೆಸರು ತುಳಿದ ತಾಯಿ. ರಸ್ತೆ ಹೀಗಿದೆಯೆಂದು ಒಂದು ದಿನವೂ ಯಾರನ್ನೂ ದೂರಿದವರಲ್ಲ" ಎಂದು ಗದ್ಗದಿತರಾದರು. ಸಭೆಯಲ್ಲಿ ಕೆಲವರು ತಲೆದೂಗಿದರು. ಬದುಕಿದ್ದಾಗ ಅವರ ಮಾತು ಕಿವಿಗೆ ಹಾಕಿಕೊಳ್ಳದವರು, ಸತ್ತ ಮೇಲೆ ಅವರು ಮಾತೇ ಆಡಲಿಲ್ಲ ಎನ್ನುತ್ತಿದ್ದರು.

ನಾನು ಎದ್ದು ನಿಂತೆ.

"ಅವ್ರ್ ದೂರಿರ್. ನಿಮ್ಮ್ ಹತ್ರವೇ ದೂರಿರ್. ನೀವ್ ಕೇಣ್ಲಿಲ್ಲ."

ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಮ್ಮ ನನ್ನ ಚೂಡಿದಾರದ ತುದಿ ಹಿಡಿದೆಳೆದು "ಕೂಕೋ ಹೆಣೆ" ಎಂದಳು.

ನಾನು ಕೂರಲಿಲ್ಲ.