ಮಿಲ್ಲಿನಲ್ಲಿ ಆರಿಸಿದ ಹೆಡ್‌ಸೆಟ್

ಹೆಡ್‌ಸೆಟ್ ಆರಿಸಿದ್ದು ಒಂದು ಭಾನುವಾರ. ಅಥವಾ ಅದು ಭಾನುವಾರವೇ ಆಗಿರಲಿಲ್ಲವೇನೋ. ಭಾನುವಾರ ನಮ್ಮ ಮಿಲ್ಲು ಓಡುತ್ತಿರಲಿಲ್ಲ. ನೆನಪಿನಲ್ಲಿ ಮಾತ್ರ ಎಂಜಿನ್ ಓಡುತ್ತಿದೆ, ಅಕ್ಕ ಭಾನುವಾರದ ಸೀರೆಯಲ್ಲಿದ್ದಾಳೆ, ಭಾವ ಪಂಚೆಯುಟ್ಟು ತಲೆಗೆ ವಿಮಾನದ ಹೆಡ್‌ಸೆಟ್ ಹಾಕಿಕೊಂಡಿದ್ದಾರೆ. ಮೂರೂ ಒಂದೇ ದಿನದವೆಂದು ಪ್ರಮಾಣ ಮಾಡಲಾರೆ. ಹೆಡ್‌ಸೆಟ್ ಮಾತ್ರ ನಿಜ.

ಅರವತ್ತರ ದಶಕದ ಮೊದಲ ವರ್ಷಗಳು. ಪಾಣೆಮಂಗಳೂರಿನಲ್ಲಿ ನಮ್ಮದು ಅಕ್ಕಿ ಮಿಲ್ಲು. ಮನೆ ಅದಕ್ಕೆ ತಾಗಿಕೊಂಡಿದ್ದರಿಂದ ನಾವು ದೇವರ ಮುಂದೆಯೂ ಬೊಬ್ಬೆ ಹಾಕಿಯೇ ಮಾತಾಡುವವರು. ಅಕ್ಕನನ್ನು ನೋಡಲು ಬಂದ ಮೂಡಬಿದಿರೆಯವರು, ಒಳಗೆ ಜಗಳ ನಡೆಯುತ್ತಿದೆಯೆಂದು ಎದ್ದುಹೋಗಿದ್ದರು. ಬೆಳ್ತಂಗಡಿಯಿಂದ ಬಂದ ಪೈಲಟ್ ಮಾತ್ರ ಏನೂ ಆಗದವರಂತೆ ಕೂತು ಇನ್ನೊಮ್ಮೆ ಸಜ್ಜಿಗೆ ಹಾಕಿಸಿಕೊಂಡರು. ಅವರೇ ಭಾವ.

ಅವರ ಹಳೆಯ ಹೆಡ್‌ಸೆಟ್ ಭಾರದ್ದು. ಕಿವಿಗೆ ಬಿಗಿದು ಬಿಗಿದು ತಲೆನೋವು ಬರುತ್ತಿತ್ತು. ಕಂಪನಿಯವರು ಹಗುರದ್ದೊಂದನ್ನು ಕೊಟ್ಟು, ರಜೆ ಮುಗಿಸಿ ಬರುವಾಗ ಯಾವುದು ಬೇಕೆಂದು ತಿಳಿಸಲು ಹೇಳಿದ್ದರಂತೆ. ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ. ಅದರಲ್ಲಿ ಸೋತರೆ ಹಾರಾಟ ಮುಗಿಯಿತು. ಅಕ್ಕನಿಗೆ ಆ ಹೆದರಿಕೆ ಯಾವಾಗಲೂ ಇತ್ತು.

ಅಪ್ಪ ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. “ಸದ್ದಿನ ಸಂಗತಿ ಅಲ್ವಾ? ಮಿಲ್ಲಿಗೆ ಹೋಗುವ.”

ಮಿಲ್ಲಿನವರಿಗೆ ಹೊಳೆಯಬಹುದಾದ ಪರೀಕ್ಷೆ ಅದು. ಭಾವ ಹೆಡ್‌ಸೆಟ್ ಹಾಕಿಕೊಂಡು ಎಂಜಿನ್ ಪಕ್ಕ ನಿಲ್ಲಬೇಕು, ನಾವು ಮಾತಾಡಬೇಕು. ಯಾವುದರಲ್ಲಿ ನಮ್ಮ ಮಾತು ಚೆನ್ನಾಗಿ ಕೇಳುತ್ತದೋ ಅದು ಒಳ್ಳೆಯದು. ವಯರಿನ ತುದಿ ಯಾವ ರೇಡಿಯೊಗೂ ಸೇರಿರಲಿಲ್ಲ, ಭಾವನ ಸೊಂಟಕ್ಕೆ ಸಿಕ್ಕಿಸಿತ್ತು. ಹೊರಗಿನ ಸದ್ದನ್ನು ತಡೆಯುವುದೂ ಅದರ ಕೆಲಸ ಎಂಬುದು, ದಿನವಿಡೀ ಎಂಜಿನ್ ನೋಡಿಕೊಳ್ಳುತ್ತಿದ್ದ ನನಗೂ ಹೊಳೆಯಲಿಲ್ಲ.

ಮೊದಲು ಭಾರದ್ದು. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ಅಪ್ಪ ಏನೋ ಕೂಗಿದರು. ಭಾವ ಇಲ್ಲವೆಂದು ಕೈಯಾಡಿಸಿದರು. ಹಗುರದ್ದರ ಸರದಿ ಬಂದಾಗ ಅಪ್ಪ ಎಲೆಯಡಿಕೆ ಉಗಿದು ಬಂದು, ಎದುರಿಗೇ ನಿಂತು ಕೂಗಿದರು.

“ಕೊಕ್ಕಡದ ಭತ್ತ ಬಂತು” ಎಂದು ಭಾವ ತಪ್ಪದೆ ಒಪ್ಪಿಸಿದರು.

“ನೋಡಿ ಮಾರಾಯ್ರೆ, ಇದರಲ್ಲಿ ಎಲ್ಲ ಕೇಳ್ತದೆ! ತಲೆಗೂ ಹಗುರ ಉಂಟು. ಇದನ್ನೇ ತಕ್ಕೊಳ್ಳಿ” ಎಂದರು ಅಪ್ಪ.

“ಆಯ್ತು, ಇದೇ ಇರ್ಲಿ” ಎಂದರು ಭಾವ. ನಮ್ಮಲ್ಲಿ ವಿಮಾನ ಬಲ್ಲವರು ಅವರೊಬ್ಬರೇ. ಅವರೂ ನಮ್ಮನ್ನು ತಿದ್ದಲಿಲ್ಲ.

ನಾನು ಎಂಜಿನ್ ನಿಲ್ಲಿಸಿದೆ. ಭಾವ ಹೆಡ್‌ಸೆಟ್ ತೆಗೆದು ಕೈಯಲ್ಲಿ ಹಿಡಿದರು. ಅವರ ಬೆನ್ನ ಹಿಂದೆ, ಬಾಗಿಲಲ್ಲಿ ನಿಂತ ಅಕ್ಕ, “ಕಾಫಿ ತಣ್ಣಗಾಗ್ತದೆ, ಬನ್ನಿ” ಎಂದಳು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು.

“ಭಾವ ಇನ್ನೂ ಇಳೀಲಿಲ್ಲ ಅಪ್ಪಾ, ಮೇಲೆಯೇ ಇದ್ದಾರೆ” ಎಂದೆ. ಅಪ್ಪ ನಕ್ಕರು. ನಾವು ನಗುವುದನ್ನು ನೋಡಿ ಭಾವನೂ ನಕ್ಕರು.

ಅಕ್ಕ ನಗಲಿಲ್ಲ. ಅವರ ಎದುರಿಗೆ ಬಂದು, ದನಿಯಿಲ್ಲದೆ ತುಟಿ ಮಾತ್ರ ಅಲ್ಲಾಡಿಸಿದಳು.

“ಕಾಫಿಯಾ? ಬಂದೆ” ಎಂದರು ಭಾವ.

ಈ ಕೊನೆಯದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಅಕ್ಕನನ್ನು ಕೇಳಿದ್ದೇನೆ. “ನಿನಗೆ ಬೇರೆ ಕೆಲಸ ಇಲ್ವಾ?” ಎಂದಳು.

ಮುಂದಿನ ಪರೀಕ್ಷೆಯಾದ ಮೇಲೆ ಭಾವ ವಿಮಾನ ಹತ್ತಲಿಲ್ಲ, ಬೆಳ್ತಂಗಡಿಗೆ ಮರಳಿದರು. ಹಗುರದ್ದನ್ನು ಆರಿಸಿಕೊಟ್ಟು ಅಳಿಯನ ಕಿವಿ ಕೆಡಿಸಿದೆನೆಂದು ಅಪ್ಪ ಕೊನೆಯವರೆಗೂ ಹಲುಬಿದರು, ಅದೂ ಬೊಬ್ಬೆ ಹಾಕಿ. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಕಿವಿ ಹೆಡ್‌ಸೆಟ್ಟಿನಿಂದ ಹೋಯಿತೋ, ಹೆಣ್ಣು ನೋಡಲು ಬಂದ ಆ ಸಜ್ಜಿಗೆಯ ದಿನವೇ ಹೋಗಿತ್ತೋ, ನನಗೆ ಗೊತ್ತಿಲ್ಲ.