ಮೇಲೆ ಒಂದು ಕಾಲು, ನೀರಲ್ಲಿ ಎರಡು

ಇಪ್ಪತ್ತಾರು ವರ್ಷಗಳಿಂದ ಫೋಟೋ ತೆಗೆಯುವುದೇ ಕಸುಬಾಗಿದ್ದರೂ ಎಕ್ಸ್‌ರೇ ಅಣ್ಣ ತೆಗೆದ ಒಂದೇ ಒಂದು ಫೋಟೋವನ್ನೂ ಯಾರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರಲಿಲ್ಲ. ತಪ್ಪು ಅವನದಲ್ಲ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಅವನು ತೆಗೆಯುತ್ತಿದ್ದದ್ದು ಮುರಿದ ಮುಂಗೈ, ಸವೆದ ಮೊಣಕಾಲು, ಕಫ ಕಟ್ಟಿದ ಎದೆ. "ಅಲ್ಲಾಡ್ಬೇಡಿ... ಉಸಿರು ಹಿಡ್ಕೊಳ್ಳಿ... ಹಾಂ, ಬಿಡಿ" ಎಂಬ ಮೂರು ಮಾತನ್ನು ದಿನಕ್ಕೆ ಅರವತ್ತು ಸಲ ಹೇಳಿ ಹೇಳಿ, ಮನುಷ್ಯರ ಜೊತೆ ಇನ್ನೇನು ಮಾತಾಡಬಹುದು ಎಂಬುದೇ ಅವನಿಗೆ ಮರೆತುಹೋದಂತಿತ್ತು. ಜನರೂ ಅಷ್ಟೇ. ಫಿಲ್ಮು ಕೈಗೆ ಬಂದ ಕೂಡಲೇ ಅದನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದು, ಎಲ್ಲಾ ತಿಳಿದವರ ಹಾಗೆ "ಓಹೋ" ಎಂದು ಡಾಕ್ಟರ ಕೋಣೆಯತ್ತ ಹೊರಟುಬಿಡುತ್ತಿದ್ದರು.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಹೇಳಲು ಒಂದು ದುಃಖದ ಕಥೆಯಾದರೂ ಇರಬೇಕಿತ್ತು; ಅದೂ ಇರಲಿಲ್ಲ. ಮಾಡಿಕೊಳ್ಳೋಣ, ಮಾಡಿಕೊಳ್ಳೋಣ ಎನ್ನುವುದರಲ್ಲೇ ಐವತ್ತಮೂರಾಯಿತು. ಮೂರನೇ ಮಹಡಿಯ ಒಂದು ಕೋಣೆಯ ಮನೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಕ್ಯಾಮೆರಾ ಚೀಲ. ಭಾನುವಾರ ಮಧ್ಯಾಹ್ನ ದೂರದೂರಿನ ಅಕ್ಕನ ಫೋನು.

"ಏನೋ, ಇವತ್ತೂ ಹಕ್ಕಿ ಹಿಂದೆ ಹೋಗಿದ್ಯಾ?"

"ಹೂಂ ಅಕ್ಕ."

"ನಾನು ತೋರಿಸಿದ ಹೆಣ್ಣುಗಳಿಗೋಸ್ಕರ ಒಂದು ದಿನನಾದ್ರೂ ಹೀಗೆ ಬೆಳಿಗ್ಗೆ ಐದಕ್ಕೆ ಎದ್ದಿದ್ಯಾ ನೀನು?"

"ಹೆಣ್ಣು ನೋಡೋಕೆ ಪೊದೆ ಹಿಂದೆ ಕೂತ್ಕೊಂಡ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ, ಅಕ್ಕ."

"ಬಾಯಿಗೇನೂ ಕಮ್ಮಿ ಇಲ್ಲ. ಊಟ ಆಯ್ತಾ?"

ಅಲ್ಲಿಗೆ ವಾರದ ಮಾತು ಮುಗಿಯುತ್ತಿತ್ತು.

ಹಕ್ಕಿಯ ಹುಚ್ಚು ಹಿಡಿದದ್ದು ಎಂಟು ವರ್ಷದ ಹಿಂದೆ. ಅಲ್ಲಾಡಬೇಡ ಎಂದರೆ ಅಲ್ಲಾಡುವ, ಉಸಿರು ಹಿಡಿ ಎಂದರೆ ಹಾರಿಹೋಗುವ ಜೀವವೊಂದು ಲೋಕದಲ್ಲಿದೆ ಎಂಬುದೇ ಅವನಿಗೆ ಖುಷಿ ಕೊಟ್ಟಿತು. ಹುಚ್ಚಿನ ಬೆನ್ನಿಗೆ 'ರೆಕ್ಕೆಪುಕ್ಕ' ಎಂಬ ಫೋನಿನ ಗ್ರೂಪು ಸಿಕ್ಕಿತು. ಅದರಲ್ಲಿ ಇನ್ನೂರು ಚಿಲ್ಲರೆ ಜನ. ಅರ್ಧಕ್ಕರ್ಧ ಹಕ್ಕಿಯ ಫೋಟೋ ತೆಗೆಯುವವರು, ಉಳಿದವರು ಟ್ಯಾಬಿನ ಮೇಲೆ ಹಕ್ಕಿ ಬರೆಯುವವರು. ಗ್ರೂಪಿನ ಯಜಮಾನರು ನಿವೃತ್ತ ಮೇಷ್ಟ್ರು. ಶಾಲೆ ಬಿಟ್ಟರೂ ಹಾಜರಿ ಪುಸ್ತಕ ಬಿಟ್ಟಿರಲಿಲ್ಲ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಒಂದು ಚಿತ್ರ ಹಾಕಬೇಕಾದರೆ ಮೊದಲು ಬೇರೆಯವರ ಐದು ಚಿತ್ರಗಳ ಬಗ್ಗೆ ಅಭಿಪ್ರಾಯ ಬರೆಯಬೇಕು.

ನಿಯಮವನ್ನು ಯಾರೂ ಮುರಿಯುತ್ತಿರಲಿಲ್ಲ. "ಅದ್ಭುತ ಸಾರ್" ಎಂದು ಒಮ್ಮೆ ಬರೆದು, ಅದನ್ನೇ ಐದು ಕಡೆ ಅಂಟಿಸಿ, ತಮ್ಮ ಚಿತ್ರ ಹಾಕಿ, ಅದಕ್ಕೆಷ್ಟು ಅದ್ಭುತ ಬಂತೆಂದು ಎಣಿಸುತ್ತ ಕೂರುತ್ತಿದ್ದರು. ನಮ್ಮಂಥವರು ಸೇರಿದ ಕಡೆಯೆಲ್ಲ ನಡೆಯುವುದು ಹೀಗೆಯೇ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಎಕ್ಸ್‌ರೇ ಅಣ್ಣನಿಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಅವನು ಪ್ರತಿ ಚಿತ್ರವನ್ನೂ ಹಿಗ್ಗಿಸಿ, ಮೂಲೆ ಮೂಲೆ ನೋಡಿ ಬರೆಯುತ್ತಿದ್ದ: "ಎಡರೆಕ್ಕೆಯ ಮೂರನೇ ಗರಿ ಮಸುಕಾಗಿದೆ. ಕೊಕ್ಕಿನ ತುದಿಯಲ್ಲಿ ಬಿಳಿ ಕಲೆ ಇದೆ. ಉಳಿದಂತೆ ಯಾವ ದೋಷವೂ ಕಂಡುಬಂದಿಲ್ಲ."

ಒಮ್ಮೆ ಬ್ಯಾಂಕಿನ ಕ್ಯಾಷಿಯರೊಬ್ಬರು ತಡೆಯಲಾರದೆ ಬರೆದರು: "ಸಾರ್, ನಮ್ಮ ಗಿಣಿ ಫೋಟೋ ತೆಗೆಸ್ಕೊಳ್ಳೋಕೆ ಬಂದಿತ್ತು, ತಪಾಸಣೆಗಲ್ಲ." ಅದಕ್ಕೆ ನಲವತ್ತು ಜನ ನಕ್ಕರು. ಇವನೂ ಒಂದು ನಗುವ ಮುಖ ಹಾಕಿದ. ಆಮೇಲೆ ಫೋನು ಮಗುಚಿಟ್ಟ.

ಅವನ ಚಿತ್ರಗಳಿಗೆ ಮಾತ್ರ ಮೇಷ್ಟ್ರದೊಂದು ಹೆಬ್ಬೆರಳು, ಜೊತೆಗೆ ಎರಡೋ ಮೂರೋ ಅದ್ಭುತ. ಅವನಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ತಾನು ಇತರರ ಚಿತ್ರವನ್ನು ನೋಡುವ ಹಾಗೆ ತನ್ನದೊಂದನ್ನು ಯಾರಾದರೂ ಒಬ್ಬರು, ಒಂದೇ ಒಂದು ಸಲ, ಪೂರ್ತಿ ನೋಡಬೇಕು. ಎಂಟು ವರ್ಷಗಳಲ್ಲಿ ಅದೊಂದು ಆಗಿರಲಿಲ್ಲ.

ಊರಾಚೆ ಕೊಳಚೆ ನೀರನ್ನು ಶುದ್ಧಮಾಡುವ ಹೊಂಡಗಳಿವೆ. ಮೂಗು ಮುಚ್ಚಿಕೊಂಡು ಹೋದರೆ ಕಣ್ಣು ತೆರೆಯುವ ಜಾಗ. ಏಳು ಭಾನುವಾರ ಅಲ್ಲಿಗೆ ಅಲೆದ ಮೇಲೆ ಒಂದು ಮೆಟ್ಟುಗಾಲು ಹಕ್ಕಿ ಸಿಕ್ಕಿತು. ಬಿಳಿ ಹೊಟ್ಟೆ, ಕಪ್ಪು ರೆಕ್ಕೆ, ಯಾರೋ ಬೇರೆಯವರ ಕಾಲನ್ನು ಕೇಳಿ ತಂದು ಹಾಕಿಕೊಂಡಂತೆ ಮೈಗೆ ಮೀರಿದ ಉದ್ದದ ಎರಡು ಕೆಂಪು ಕಾಲು. ಅಲ್ಲಾಡದ ನೀರಿನಲ್ಲಿ ತಲೆಕೆಳಗಾಗಿ ಇನ್ನೊಂದು ಹಕ್ಕಿ. ಎಕ್ಸ್‌ರೇ ಅಣ್ಣ ಕೆಸರಲ್ಲಿ ಬೋರಲು ಮಲಗಿ, ಈ ಸಲ ತಾನೇ ಉಸಿರು ಹಿಡಿದು, ಕ್ಲಿಕ್ಕಿಸಿದ.

ಚಿತ್ರದಲ್ಲಿ ಒಂದೇ ಕೊರತೆ. ಮುಂದೆ ಒಂದು ಜೊಂಡಿನ ಕಡ್ಡಿ, ಸರಿಯಾಗಿ ಹಕ್ಕಿಯ ಒಂದು ಕಾಲಿಗೆ ಅಡ್ಡ.

ಅಡ್ಡ ಬಂದ ಕಡ್ಡಿಯನ್ನು ಅಳಿಸುವುದು ಗ್ರೂಪಿನಲ್ಲಿ ಮುಖ ತೊಳೆದಷ್ಟೇ ಸಹಜ. ಫೋನಿನಲ್ಲಿ ಅದಕ್ಕೊಂದು ಸೌಕರ್ಯವಿತ್ತು: ಬೇಡವಾದದ್ದರ ಮೇಲೆ ಬೆರಳು ಉಜ್ಜಿದರೆ ಮಾಯ. ಎಕ್ಸ್‌ರೇ ಅಣ್ಣ ಅಲ್ಲಿಯವರೆಗೆ ಅದನ್ನು ಮುಟ್ಟಿದವನಲ್ಲ. ಅವತ್ತು, ಮರಳಿ ಬರುವ ಬಸ್ಸಿನಲ್ಲಿ, ಚಿತ್ರವನ್ನು ಕ್ಯಾಮೆರಾದಿಂದ ಫೋನಿಗೆ ಹಾಕಿಕೊಂಡು, ಓದುವ ಕನ್ನಡಕಕ್ಕೆ ಕೆಸರು ಮೆತ್ತಿದ್ದರಿಂದ ಅದನ್ನು ಜೇಬಿಗಿಳಿಸಿ, ಕಡ್ಡಿಯ ಮೇಲೆ ಹೆಬ್ಬೆರಳಿಟ್ಟು ಉಜ್ಜಿದ. ಬಸ್ಸು ಹಳ್ಳಕ್ಕೆ ಬಿದ್ದೆದ್ದಿತು. ಕಡ್ಡಿ ಹೋಯಿತು. ನೀಟಾಗಿಯೇ ಹೋಯಿತು ಎಂದುಕೊಂಡು, ಇಳಿಯುವ ಸ್ಟಾಪು ಬರುವ ಮುಂಚೆ ಐದು ಅಭಿಪ್ರಾಯ ಬರೆದು, ಚಿತ್ರ ಹಾಕಿಬಿಟ್ಟ.

ಸಂಜೆಯಾಗುವಷ್ಟರಲ್ಲಿ ತೊಂಬತ್ತಾರು ಅದ್ಭುತ ಬಂದಿತ್ತು. ಕ್ಯಾಷಿಯರು ಸಹ "ಗುರುವೇ!" ಎಂದಿದ್ದರು. ಎಕ್ಸ್‌ರೇ ಅಣ್ಣ ಕ್ಯಾಮೆರಾ ಚೀಲವನ್ನು ನೆಲಕ್ಕಿಳಿಸಿ, ಅವತ್ತೊಂದು ದಿನ ಎರಡನೇ ಕುರ್ಚಿಯಲ್ಲೂ ಸ್ವಲ್ಪ ಹೊತ್ತು ಕೂತು ನೋಡಿದ.

ಮರುದಿನ ಊಟದ ಬಿಡುವಿನಲ್ಲಿ, ಕೂದಲೆಳೆಯಂಥ ಬಿರುಕುಗಳನ್ನೂ ಹುಡುಕುವ ಆಸ್ಪತ್ರೆಯ ದೊಡ್ಡ ಪರದೆಯ ಮೇಲೆ, ಆಸೆಗೆ ಬಿದ್ದು ಅದನ್ನೊಮ್ಮೆ ತೆರೆದ. ನೋಡುತ್ತಾನೆ: ಮೇಲಿನ ಹಕ್ಕಿಗೆ ಒಂದೇ ಕಾಲು. ನೀರಿನ ಹಕ್ಕಿಗೆ ಎರಡು.

ಕಡ್ಡಿಯ ಜೊತೆ ಕಾಲೂ ಹೋಗಿತ್ತು! ಇಪ್ಪತ್ತಾರು ವರ್ಷ ಜನರ ಕಾಲು ನೋಡಿಕೊಂಡೇ ಹೊಟ್ಟೆ ಹೊರೆದವನ ಕೈಯಲ್ಲಿ.

ಕೂಡಲೇ ಅಳಿಸಿಹಾಕಲು ಬೆರಳೆತ್ತಿದ. ಎತ್ತಿದ ಬೆರಳು ಹಾಗೇ ನಿಂತಿತು. ತೊಂಬತ್ತಾರು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲವೇ? ಯಾರಾದರೂ ಒಬ್ಬರು ಕೇಳಲಿ, ಕೇಳಿದ ಕ್ಷಣ ತಪ್ಪೊಪ್ಪಿಕೊಂಡು ತೆಗೆಯುತ್ತೇನೆ ಎಂದು ನಿಶ್ಚಯಿಸಿದ. ಪರೀಕ್ಷೆ ಮಾಡುವ ಉದ್ದೇಶವಿರಲಿಲ್ಲ. ಕಾಯುವುದಕ್ಕೆ ಒಂದು ನೆಪ ಸಿಕ್ಕಿತ್ತು.

ಎದೆಯ ಫೋಟೋ ಒಯ್ಯಲು ಬಂದ ವಾರ್ಡಿನ ನರ್ಸಮ್ಮನಿಗೂ ತೋರಿಸಿದ.

"ಚೆನ್ನಾಗಿದೆ ಅಣ್ಣ. ಕೊಕ್ಕರೆನಾ?"

"ಅಲ್ಲ, ಮೆಟ್ಟುಗಾಲು ಹಕ್ಕಿ. ಕಾಲು ನೋಡಿ."

"ಆಹಾ, ಎಷ್ಟುದ್ದ! ಹೊರಗೆ ಇಬ್ರು ಕಾಯ್ತಿದಾರೆ, ಕರೀಲಾ?"

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಿಗ್ಗೆ ಮೇಷ್ಟ್ರು ಅದನ್ನು 'ತಿಂಗಳ ಚಿತ್ರ' ಎಂದು ಸಾರಿ, 'ಏಕಾಗ್ರತೆ' ಎಂಬ ಹೆಸರನ್ನೂ ಕೊಟ್ಟರು. ಒಂಟಿ ಕಾಲಲ್ಲಿ ನಿಂತ ಹಕ್ಕಿಯಿಂದ ಮನುಷ್ಯರು ಕಲಿಯಬೇಕಾದ್ದೇನು ಎಂದು ಇಬ್ಬರು ಕವಿತೆ ಬರೆದರು. ಗ್ರೂಪಿನಲ್ಲಿ ಎಲ್ಲರೂ ಬಯಸುವ ಗೌರವ ಬಂದ ಆ ಬೆಳಿಗ್ಗೆ ಎಕ್ಸ್‌ರೇ ಅಣ್ಣ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಇನ್ನೂರು ಜನರ ನಡುವೆ ಇಷ್ಟು ಒಂಟಿಯಾಗಿ ಅವನು ಎಂದೂ ನಿಂತಿರಲಿಲ್ಲ. ಯಾರೂ ಸೇರಿಸಿಕೊಳ್ಳದಿದ್ದಾಗ, ನಾಳೆ ಸೇರಿಸಿಕೊಂಡಾರು ಎಂಬ ಆಸೆಯೊಂದಿತ್ತು. ಈಗ ಸೇರಿಸಿಕೊಂಡದ್ದೂ ಆಗಿಹೋಗಿತ್ತು.

ಅವತ್ತು ಸಂಜೆ ಕೆಲಸ ಮುಗಿಸಿ ಮನೆಯ ಬೀಗ ತೆಗೆಯುತ್ತಿರುವಾಗ ಫೋನು ಗುಣುಗುಟ್ಟಿತು. ಗ್ರೂಪಿನಲ್ಲಲ್ಲ, ಅವನೊಬ್ಬನಿಗೇ ಬಂದ ಸಂದೇಶ. ಕಳಿಸಿದಾಕೆ ಗ್ರೂಪಿನಲ್ಲಿ 'ಗೆರೆ' ಎಂದು ಹೆಸರಿಟ್ಟುಕೊಂಡವಳು. ಹೊಲಿಗೆ ಅಂಗಡಿಯೊಂದರಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ. ಬಿಡುವಿನಲ್ಲಿ ಟ್ಯಾಬಿನ ಮೇಲೆ ಹಕ್ಕಿ ಬರೆಯುತ್ತಾಳೆ ಎಂದಷ್ಟೇ ಅವನಿಗೆ ಗೊತ್ತಿದ್ದದ್ದು.

"ಸಾರ್, ನಿಮ್ಮ ಚಿತ್ರ ನೋಡ್ಕೊಂಡು ಬರೀತಿದೀನಿ. ಒಂದು ಡೌಟು. ಮೇಲೆ ಒಂದು ಕಾಲು, ನೀರಲ್ಲಿ ಎರಡು. ಯಾವುದನ್ನ ನಂಬ್ಲಿ?"

ಬೀಗದಲ್ಲಿ ಕೀಲಿಕೈ ನೇತಾಡುತ್ತಿರುವಂತೆಯೇ ಅವನು ಅದನ್ನು ನಾಲ್ಕು ಸಲ ಓದಿದ. ಆಮೇಲೆ ಬರೆದ: "ನೀರನ್ನ ನಂಬಿ."

"ಹಂಗಂದ್ರೆ?"

ಕಡ್ಡಿ, ಬಸ್ಸು, ಹಳ್ಳ ಎಲ್ಲವನ್ನೂ ಒಂದೊಂದೇ ಸಾಲು ಬರೆದು ಕಳಿಸತೊಡಗಿದ. ಅರ್ಧದಲ್ಲಿ ಆಕೆಯದೇ ಇನ್ನೊಂದು ಸಾಲು ಬಂತು: "ಫೋನ್ ಮಾಡ್ಲಾ? ಓದಿ ಓದಿ ಕಣ್ಣು ನೋಯ್ತಿದೆ."

ಅಕ್ಕನನ್ನು ಬಿಟ್ಟರೆ ಅವನಿಗೆ ಫೋನು ಮಾಡುತ್ತಿದ್ದದ್ದು ಆಸ್ಪತ್ರೆಯವರು ಮಾತ್ರ. 'ಮಾಡಿ' ಎಂದು ಬರೆದು, ಒಳಗೆ ಹೋಗಿ, ಕಾರಣವಿಲ್ಲದೆ ತಲೆ ಬಾಚಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದ. ನಡೆದದ್ದನ್ನೆಲ್ಲ ಹೇಳಿದ. ಆಕೆ ನಗಲಿಲ್ಲ.

"ಮೇಡಂ, ನೀವು ಗ್ರೂಪಲ್ಲಿ ಕಾಣಿಸ್ಕೊಂಡು ಬಹಳ ದಿನ ಆಯ್ತಲ್ಲ?" ಎಂದು ಮಾತು ಹೊರಳಿಸಿದ.

"ಹೋದ ವರ್ಷ ಒಂದು ಗೂಬೆ ಬರೆದು ಹಾಕಿದ್ದೆ ಸಾರ್. 'ಕತ್ತು ಮುರಿದಂತಿದೆ, ಕಣ್ಣುಗಳ ಅಂತರ ಅಸಹಜ' ಅಂತ ನೀವು ಬರೆದ್ರಿ. ಆಮೇಲೆ ಹಾಕೋ ಮನಸ್ಸೇ ಬರ್ಲಿಲ್ಲ."

ಗೂಬೆ ಅವನಿಗೆ ನೆನಪಿತ್ತು. ಬರೆದವಳು ನೆನಪಿರಲಿಲ್ಲ.

"ಬೇರೆಯವರೆಲ್ಲ ಅದ್ಭುತ ಅಂದಿದ್ರಲ್ಲ?" ಎಂದ, ಮೆಲ್ಲಗೆ.

"ಅವರ್ಯಾರು ನೋಡಿದ್ರು? ನೀವೊಬ್ರೇ ನೋಡಿದ್ದು. ಅದಕ್ಕೇ ಜಾಸ್ತಿ ಹೊಟ್ಟೆ ಉರೀತು. ಕತ್ತಿನ ವಿಷ್ಯ ಸರೀನೇ, ತಿದ್ಕೊಂಡೆ. ಆದ್ರೆ ರೆಕ್ಕೆ ಮೇಲಿನ ಚುಕ್ಕೆ ಇಡೋಕೆ ಹದಿನೈದು ದಿನ ಕೂತಿದ್ದೆ ಸಾರ್. ಅದರ ಬಗ್ಗೆ ಒಂದ್ಮಾತು ಬರೀಲಿಲ್ಲ ನೀವು."

"ನಮ್ಮ ರಿಪೋರ್ಟಲ್ಲಿ ಚೆನ್ನಾಗಿರೋದನ್ನ ಬರೆಯೋಕೆ ಜಾಗ ಇರಲ್ಲ, ಮೇಡಂ," ಎಂದುಬಿಟ್ಟ. ಹೇಳಿದ ಮೇಲೆ ಎಂಥ ಉತ್ತರ ಎಂದು ತನಗೇ ನಾಚಿಕೆಯಾಯಿತು. "ಚುಕ್ಕೆ ನೋಡಿದ್ದೆ. ಒಳಸಾಲಿಂದು ಸಣ್ಣ, ಹೊರಸಾಲಿಂದು ದಪ್ಪ. ಬರೀಬೇಕಿತ್ತು. ತಪ್ಪಾಯ್ತು."

ಆ ಕಡೆ ಹೊಲಿಗೆ ಯಂತ್ರವೊಂದು ಒಂದೇ ಸಮನೆ ಓಡುತ್ತಿತ್ತು. ಆಮೇಲೆ ಆಕೆ, "ಕಡ್ಡಿ ಇರೋ ಫೋಟೋನೇ ಕಳ್ಸಿ, ನೋಡೋಣ," ಎಂದಳು.

ಕಳಿಸಿದ. ಇಬ್ಬರೂ ತಂತಮ್ಮ ಪರದೆಯಲ್ಲಿ ಅದನ್ನೇ ತೆರೆದುಕೊಂಡರು. ಮೊಣಕಾಲ ಹತ್ತಿರ ಬಿದ್ದ ಜೊಂಡಿನ ನೆರಳನ್ನು ಆಕೆ ಕಂಡುಹಿಡಿದಳು. ಬೆಳಕು ಯಾವ ಕಡೆಯದು, ಕೊಕ್ಕಿನ ತುದಿಯಲ್ಲಿರುವುದು ನೀರಹನಿಯೋ ಹುಳುವೋ, ಹಕ್ಕಿ ಆಮೇಲೆ ಎತ್ತ ಹೋಯಿತು, ಎಲ್ಲವನ್ನೂ ಕೇಳಿದಳು. ಹಕ್ಕಿ ಹೋದದ್ದನ್ನೂ, ಕೆಸರಲ್ಲಿ ತನ್ನ ಒಂದು ಚಪ್ಪಲಿ ಹೋದದ್ದನ್ನೂ ಅವನು ಹೇಳಿದ. ಹದಿನಾಲ್ಕು ನಿಮಿಷವಾಯಿತು.

"ಮಾಲೀಕ್ರು ಕಣ್ಣು ಬಿಡ್ತಿದಾರೆ ಸಾರ್, ಅಂಗಡಿ ಮುಚ್ಚೋ ಹೊತ್ತು. ಇಡ್ತೀನಿ," ಎಂದು ಆಕೆ ಇಟ್ಟಳು.

ಇಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಎಕ್ಸ್‌ರೇ ಅಣ್ಣ ಗ್ರೂಪು ತೆರೆದು, ನಿಂತೇ, ಬರೆದ: "ನನ್ನ ಚಿತ್ರದ ಹಕ್ಕಿಯ ಒಂದು ಕಾಲು ನನ್ನ ಹೆಬ್ಬೆರಳಿನಿಂದ ಅಳಿಸಿಹೋಗಿದೆ. ಹಕ್ಕಿ ಎರಡು ಕಾಲಿನಿಂದ ಆರೋಗ್ಯವಾಗಿದೆ. ಮೂಲ ಚಿತ್ರ ಇಲ್ಲಿದೆ. ತಿಂಗಳ ಚಿತ್ರದ ಗೌರವವನ್ನು ಹಿಂದಿರುಗಿಸುತ್ತಿದ್ದೇನೆ. ಕ್ಷಮೆಯಿರಲಿ."

ಮೇಷ್ಟ್ರು ಏನನ್ನುತ್ತಾರೋ, ಕವಿಗಳು ಏನನ್ನುತ್ತಾರೋ ಎಂದು ಪರದೆ ನೋಡುತ್ತ ನಿಂತ. ಐದು ನಿಮಿಷದ ಮೇಲೆ ಕ್ಯಾಷಿಯರ ಸಂದೇಶ ಬಂತು:

"ಸಾರ್, ಯಾವ ಆ್ಯಪು ಅದು? ಕಾಲು ಇದ್ದ ಗುರುತೇ ಸಿಗದ ಹಾಗೆ ತೆಗೆದಿದೆ! ಲಿಂಕ್ ಕಳ್ಸಿ."

ಅದರ ಕೆಳಗೆ ಹನ್ನೊಂದು ಜನ: "ನನಗೂ."

ಎಕ್ಸ್‌ರೇ ಅಣ್ಣನಿಗೆ ನಗು ಬಂತು. ಒಬ್ಬನೇ ನಗುವುದು ಅಭ್ಯಾಸವಿಲ್ಲದ್ದರಿಂದ ಅದು ಕೆಮ್ಮಿನಂತೆ ಶುರುವಾಗಿ ಆಮೇಲೆ ಸರಿಹೋಯಿತು. ನಕ್ಕು ಮುಗಿಯುವ ಮುಂಚೆಯೇ ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಅಕ್ಕನಿಗೆ ಹೇಳಿದರೆ ಆ್ಯಪು ಎಂದರೇನು ಎಂಬಲ್ಲಿಂದ ಶುರುಮಾಡಬೇಕು, ಅಷ್ಟರಲ್ಲಿ ತಮಾಷೆ ಸತ್ತಿರುತ್ತದೆ. ಬಿಡಿಸಿ ಹೇಳದೆ ಅರ್ಥವಾಗುವ ಒಬ್ಬಳೇ ಇರುವುದು. ಆದರೆ ಒಂದೇ ಸಂಜೆಯಲ್ಲಿ ಎರಡು ಸಲ ಮಾತಾಡಿದರೆ ಏನೆಂದುಕೊಂಡಾಳು? ನಾಳೆ ಹೇಳೋಣ, ಅಂಗಡಿ ಮುಚ್ಚುವುದಕ್ಕೆ ಕಾಲು ಗಂಟೆ ಮೊದಲು.

ಅನ್ನಕ್ಕಿಟ್ಟು, ಒಲೆಯ ಮುಂದೆ ನಿಂತು, ಹೇಗೆ ಆರಂಭಿಸುವುದೆಂದು ಗಟ್ಟಿಯಾಗಿಯೇ ಅಂದು ನೋಡಿಕೊಂಡ. "ಮೇಡಂ, ಒಂದು ತಮಾಷೆ ಕೇಳಿ." ಛೆ, ಬೇಡ. "ಮೇಡಂ, ಹೇಗಿದೀರಿ?" ಹೇಗಿದ್ದಾಳೆಂದು ಇವತ್ತೇ ಗೊತ್ತಲ್ಲ. "ಮೇಡಂ, ಬಿಡುವಾಗಿದೀರಾ?"

ಇದು ಪರವಾಗಿಲ್ಲ ಅನ್ನಿಸಿತು. ಇನ್ನೊಂದು ಸಲ ಅಂದು ನೋಡಿದ.